ಕುಂಬಳಕಾಯಿಗೆ ಮೊದಲ ಏಟು

ನಿಮ್ಮ ಮನೆಗೆ ಇಡೀ ಕುಂಬಳಕಾಯಿ ಬಂದರೆ ಅದಕ್ಕೆ ಮೊದಲ ಏಟು ಹಾಕುವವರು ಯಾರು? ಉತ್ತರ ಹೇಳುವ ಮುನ್ನ ಒಮ್ಮೆ ಅಡುಗೆಮನೆಯ ಕಡೆ ತಿರುಗಿ ನೋಡಿ. ಹಸಿಮೆಣಸಿನಕಾಯಿಯಿಂದ ಹಿಡಿದು ಹಲಸಿನಕಾಯಿಯವರೆಗೆ ಎಲ್ಲವನ್ನೂ ಹೆಚ್ಚುವ ಕೈಯೊಂದು ಅಲ್ಲಿರುತ್ತದೆ. ಕುಂಬಳಕಾಯಿ ಎದುರಾದ ಕೂಡಲೇ ಅದೇ ಕೈ ಹಿಂದೆ ಸರಿದು, ಜಗಲಿಯ ಮೇಲೆ ಕುಳಿತ ಗಂಡಸನ್ನು ಕರೆಯುತ್ತದೆ. ನಾನು ಹುಟ್ಟಿ ಬೆಳೆದ ಸೀಮೆಯಲ್ಲಿ ಹೆಂಗಸು ಇಡೀ ಕುಂಬಳಕಾಯಿಗೆ ಕತ್ತಿ ಇಡುವಂತಿಲ್ಲ. ಗಂಡಸು ಒಮ್ಮೆ ಸೀಳಿಕೊಟ್ಟ ಮೇಲೆ ಅವಳು ಅದನ್ನು ಎಷ್ಟು ಚೂರು ಮಾಡಿದರೂ ದೋಷವಿಲ್ಲ. ಆ ಮೊದಲ ಏಟು ಮಾತ್ರ ಅವನದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿಷಯ ದೊಡ್ಡದಿರಬೇಕು ಎಂದು ನಮಗೆ ಹೇಳಿಕೊಡುತ್ತಿದ್ದರು. ದೊಡ್ಡ ವಿಷಯಗಳ ಮೇಲೆ ಬಹಳ ಮಾತಾಡಿದ್ದೇನೆ. ಆದರೆ ನನ್ನ ಅವ್ವ ಸೋತದ್ದು ಒಂದು ತರಕಾರಿಯ ಮುಂದೆ. ಆ ಸೋಲನ್ನು ಕಣ್ಣಾರೆ ಕಂಡು ಬೆಳೆದವಳು ನಾನು. ಇಂದು ನಾನು ಯಾವ ವೇದಿಕೆ ಹತ್ತಿದರೂ ನನ್ನ ಬೆನ್ನ ಹಿಂದೆ ಆ ಅಡುಗೆಮನೆಯ ಅಟ್ಟ ಇದ್ದೇ ಇರುತ್ತದೆ.

ನಮ್ಮ ಮನೆ ಸಿಂಧಘಟ್ಟದ ಮಗ್ಗುಲ ಹಳ್ಳಿಯಲ್ಲಿತ್ತು. ಬೀದಿಗೆ ಮುಖ ಮಾಡಿದ ಜಗಲಿ, ಅದರ ಹಿಂದೆ ನಡುಮನೆ, ಆಮೇಲೆ ಹೊಗೆ ಹಿಡಿದ ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ಮನೆಯೊಳಗೆ ಯಾರೂ ಗೆರೆ ಎಳೆದಿರಲಿಲ್ಲ. ಆದರೂ ನಡುಮನೆಯ ಕಂಬದಿಂದ ಮುಂದಕ್ಕಿದ್ದುದೆಲ್ಲ ಅಪ್ಪನದು, ಹಿಂದಕ್ಕಿದ್ದುದೆಲ್ಲ ಅವ್ವನದು ಎಂಬುದು ಬೀದಿಯ ನಾಯಿಗೂ ಗೊತ್ತಿತ್ತು. ಅಪ್ಪನಿಗೆ ನಾಲೆಯ ನೀರು ಹರಿಯುವ ಗದ್ದೆಯಿತ್ತು. ಭತ್ತ, ಕಬ್ಬು ಬೆಳೆಯುತ್ತಿದ್ದರು. ಗದ್ದೆಯ ಬದುವಿನಲ್ಲಿ ನಾಲ್ಕು ಬದನೆ ಸಸಿ ಇಡುತ್ತೇನೆಂದು ಅವ್ವ ಒಮ್ಮೆ ಕೇಳಿದಾಗ ಅವರು ನಕ್ಕಿದ್ದರು. "ಕಬ್ಬಿಗ್ ಬರೋ ನೀರ ಬದ್ನೆಗಿಡಕ್ಕೆ ಬುಡಕ್ಕಾಯ್ತದೇನಮ್ಮಿ? ನೋಡ್ದೋರು ಏನಂದಾರು?" ಅವ್ವ ಮತ್ತೆ ಕೇಳಲಿಲ್ಲ. ಅವಳ ತವರು ನಾಗಮಂಗಲದಾಚೆಯ ಬಿಂಡಿಗನವಿಲೆ. ಮಳೆ ಬಂದರೆ ರಾಗಿ, ಬಾರದಿದ್ದರೆ ಕುರಿ ಎಂಬ ಊರು. ನೀರಿಲ್ಲದೆ ತರಕಾರಿ ಬೆಳೆಯುವುದು ಅವಳಿಗೆ ಹೊಸದೇನಲ್ಲ. ನಾಲೆಯ ಊರಿಗೆ ಸೊಸೆಯಾಗಿ ಬಂದು ಬಚ್ಚಲ ನೀರಿನಲ್ಲಿ ತೋಟ ಮಾಡಬೇಕಾಯಿತು ಎಂಬುದಷ್ಟೇ ಹೊಸದು.

ಬಚ್ಚಲ ಕಲ್ಲಿನಿಂದ ಹಿತ್ತಲಿಗೆ ಅವಳು ತಾನೇ ಕಾಲುವೆ ತೋಡಿದ್ದಳು. ಮನೆಗೆ ನೆಂಟರು ಬಂದರೆ ಊಟಕ್ಕಿಂತ ಮೊದಲು ಸ್ನಾನಕ್ಕೆ ಒತ್ತಾಯಿಸುತ್ತಿದ್ದಳು. ಉಪಚಾರವೆಂದು ಅವರು ತಿಳಿಯುತ್ತಿದ್ದರು, ಹೀರೆಬಳ್ಳಿಗೆ ನೀರೆಂದು ನನಗೆ ಗೊತ್ತಿತ್ತು. ಆ ಹಿತ್ತಲು ಅವಳನ್ನು ಕಾಡಿದ್ದಕ್ಕೂ ಲೆಕ್ಕವಿಲ್ಲ. ಚಪ್ಪರದವರೆ ಹೂ ಬಿಟ್ಟು ನಿಂತಾಗ ಕರಿಹೇನು ಮುತ್ತುತ್ತಿತ್ತು. ಬೆಳಗಿನ ಇಬ್ಬನಿ ಆರುವ ಮೊದಲು ಒಲೆಯ ಬೂದಿಯನ್ನು ಜರಡಿ ಹಿಡಿದು ಎಲೆಎಲೆಗೂ ಉದುರಿಸುತ್ತಿದ್ದಳು. ಮಧ್ಯಾಹ್ನ ಒಂದು ಹನಿ ಮಳೆ ಬಂದು ಅಷ್ಟನ್ನೂ ತೊಳೆದು ಹೋಗುತ್ತಿತ್ತು. ಗೆಣಸನ್ನು ಹೆಗ್ಗಣ ತಿನ್ನುತ್ತಿತ್ತು, ಸೊಪ್ಪಿನ ಮಡಿಯನ್ನು ನಮ್ಮದೇ ಕೋಳಿ ಕೆದಕುತ್ತಿತ್ತು. ಟೊಮೆಟೊ ಒಂದು ವರ್ಷ ಎಷ್ಟು ಬಂತೆಂದರೆ ಬೀದಿಯವರು ನಮ್ಮ ಬಾಗಿಲಿನ ಮುಂದೆ ಹಾಯುವುದನ್ನೇ ಬಿಟ್ಟರು, ಎಲ್ಲಿ ಕರೆದು ಮಡಿಲಿಗೆ ತುಂಬಿಬಿಡುತ್ತಾಳೋ ಎಂದು. ಮರುವರ್ಷ ಎಲೆಯೆಲ್ಲ ಮುರುಟಿ ಒಂದು ಕಾಯಿಯೂ ನಿಲ್ಲಲಿಲ್ಲ. ಅಜ್ಜಿ, ಅಂದರೆ ಅಪ್ಪನ ತಾಯಿ, ನಡುಮನೆಯಲ್ಲಿ ಕಾಲು ಚಾಚಿಕೊಂಡು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು.

"ಒಂದ್ ಬದ್ನೆಕಾಯ್ಗೆ ಒಂದ್ ಬಾವಿ ನೀರುಯ್ತಾಳೆ ಕಣವ್ವ ನನ್ ಸೊಸೆ. ಆ ಕಾಯ್ ತಿಂದ್ರೆ ಬಾಯಾರ್ಕೆನೇ ಆಗಕಿಲ್ಲ."

ಆದರೆ ಕುಂಬಳ ಅವ್ವನಿಗೆ ಎಂದೂ ಕೈಕೊಡಲಿಲ್ಲ. ತವರಿನಿಂದ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದ ಬೀಜ ಅದು. ಪ್ರತಿ ವರ್ಷ ಎಲ್ಲಕ್ಕಿಂತ ಒಳ್ಳೆಯ ಕಾಯಿಯ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯ ಜೊತೆಗೆ ಅಡುಗೆಮನೆಯ ಗೋಡೆಗೆ ಬಿಲ್ಲೆಯಾಗಿ ತಟ್ಟುತ್ತಿದ್ದಳು. ಮಳೆ ಹಿಡಿದಾಗ ಬಿಲ್ಲೆ ಕಿತ್ತು ಬಿತ್ತಿದರೆ ಬಳ್ಳಿ ಬಚ್ಚಲ ಗೋಡೆ ಹತ್ತಿ, ಹೆಂಚಿನ ಮೇಲೆ ಹರಡಿ, ಅಲ್ಲಲ್ಲಿ ಕಾಯಿ ಇಡುತ್ತಿತ್ತು. ಬಲಿತ ಕಾಯಿಗಳನ್ನು ತೊಟ್ಟಿನ ಸಮೇತ ಇಳಿಸಿ ಅಡುಗೆಮನೆಯ ಅಟ್ಟದ ಮೇಲೆ ಹುಲ್ಲು ಹಾಸಿ ಇಡುತ್ತಿದ್ದಳು. ಬೇಸಿಗೆಯಲ್ಲಿ ಹಿತ್ತಲು ಒಣಗಿ ಸೊಪ್ಪು ಸದೆ ಯಾವುದೂ ಇಲ್ಲದಾಗ ನಮ್ಮ ಮನೆ ನಡೆದದ್ದು ಆ ಅಟ್ಟದ ಮೇಲಿನ ಕಾಯಿಗಳಿಂದ. ಮುದ್ದೆಗೆ ಅದರ ಸಾರು, ಮಧ್ಯಾಹ್ನಕ್ಕೆ ಅದರ ಪಲ್ಯ, ಹಬ್ಬಕ್ಕೆ ಬೆಲ್ಲ ಹಾಕಿ ಅದರ ಗೊಜ್ಜು.

ಬೆಳೆದವಳು ಅವಳೇ ಆದರೂ ಸೀಳಬೇಕಾದವರು ಅಪ್ಪ. ಅದಕ್ಕೊಂದು ಕ್ರಮವೇ ಇತ್ತು. ಅವ್ವ ಮಣೆಯ ಮೇಲೆ ಕಾಯಿ ಇಟ್ಟು, ಮಚ್ಚಿನ ಹಿಡಿಯನ್ನು ಅಪ್ಪನ ಕಡೆಗೆ ತಿರುಗಿಸಿ ಜಗಲಿಗೆ ತಂದು ಇಡುತ್ತಿದ್ದಳು. ಅವರು ತಕ್ಷಣ ಏಳುತ್ತಿರಲಿಲ್ಲ. ಬೀಡಿ ಮುಗಿಯಬೇಕು, ಆಡುತ್ತಿದ್ದ ಮಾತು ಮುಗಿಯಬೇಕು. ಒಲೆಯ ಮೇಲೆ ಎಸರು ಕುದಿದು ಇಂಗುತ್ತಿದ್ದರೂ ಅವ್ವ ಬಾಗಿಲ ಮರೆಯಲ್ಲಿ ನಿಂತಿರುತ್ತಿದ್ದಳು. ಕೊನೆಗೆ ಒಂದೇ ಏಟು. ಕಾಯಿ ಬಾಯಿ ಬಿಡುತ್ತಿತ್ತು. ಅವರು ಅದನ್ನು ಪಾದದಿಂದ ತುಸು ತಳ್ಳಿ, "ತಗಾ" ಎನ್ನುತ್ತಿದ್ದರು.

ಎದುರು ಪಕ್ಷದ ವಾದವನ್ನು ಅದರ ಗಟ್ಟಿಯಾದ ರೂಪದಲ್ಲಿ ಎತ್ತಿಕೊಳ್ಳಬೇಕು ಎಂಬುದು ನಾನು ಕಲಿತ ಮೊದಲ ಪಾಠ. ಆದ್ದರಿಂದ ಹೇಳುತ್ತೇನೆ. ಕುಂಬಳದ ಸಿಪ್ಪೆ ಗಟ್ಟಿ, ಕತ್ತಿ ಜಾರಿ ಹೆಂಗಸಿನ ಕೈಗೆ ತಗುಲೀತು ಎಂದು ಕೆಲವರು ಸಮರ್ಥಿಸುತ್ತಾರೆ. ಕೊಡಲಿ ಹಿಡಿದು ಸೌದೆ ಒಡೆಯುವಾಗ ಅದೇ ಕೈಯ ಬಗ್ಗೆ ಈ ಕಾಳಜಿ ಯಾರಿಗೂ ಹುಟ್ಟಿದ್ದನ್ನು ನಾನು ಕಂಡಿಲ್ಲ. ಬಲಿಗೆ ಬದಲಾಗಿ ಕುಂಬಳ ಒಡೆಯುವ ರೂಢಿಯಿದೆ, ಹೆತ್ತ ಕೈ ಬಲಿ ಕೊಡಬಾರದು ಎಂದು ಇನ್ನು ಕೆಲವರು ಹೇಳುತ್ತಾರೆ. ಇದು ಕೇಳಲು ಗೌರವದ ಮಾತು. ಆದರೆ ಅದೇ ಕೈ ಕೋಳಿಯ ಪುಕ್ಕ ಕೀಳುತ್ತದೆ, ಮೀನಿನ ಹೊಟ್ಟೆ ಸೀಳುತ್ತದೆ. ಅಲ್ಲಿ ಗೌರವ ಅಡ್ಡ ಬರುವುದಿಲ್ಲ. ನಾನು ಚಿಕ್ಕಂದಿನಲ್ಲಿ ಅವ್ವನನ್ನೇ ಕೇಳಿದ್ದೆ. "ನಂಗೇನ್ ಗೊತ್ತು ಕಣಮ್ಮಿ. ನಮ್ಮವ್ವ ಸೀಳ್ತಿರ್ನಿಲ್ಲ, ನಾನೂ ಸೀಳಾಕಿಲ್ಲ" ಎಂದಿದ್ದಳು. ಆ ದಿನಗಳಲ್ಲಿ ಅದು ಬರೀ ರೂಢಿಯಾಗಿತ್ತು. ಆಯುಧವಾದದ್ದು ಆಮೇಲೆ.

ಊರಿಗೆ ಡೈರಿ ಬಂದಾಗ ಅಪ್ಪ ಸೀಮೆಹಸು ಕಟ್ಟಬೇಕೆಂದು ನಿಶ್ಚಯಿಸಿದರು. ಮನೆಯ ಪಕ್ಕದ ಹಳೆಯ ಕೊಟ್ಟಿಗೆ ಆ ಹಸುಗಳಿಗೆ ಇಕ್ಕಟ್ಟು, ಸೆಕೆ. ಹಿತ್ತಲಿನಲ್ಲಿ ಶೀಟಿನ ಕೊಟ್ಟಿಗೆ ಕಟ್ಟುವುದೆಂದು ಊಟಕ್ಕೆ ಕುಳಿತಾಗ ಹೇಳಿದರು. ಅವ್ವ ಮುದ್ದೆ ಇಡುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

"ಮುಂದ್ಕಡೆ ಜಗ್ಲಿ ಪಕ್ಕ ಜಾಗ ಅದಲ್ಲ. ಅಲ್ಲೇ ಕಟ್ಬೋದಲ್ವಾ?"

"ಬಂದೋರ್ ಕೂರೋ ತಾವ ಗಂಜ್ಲದ ವಾಸ್ನೆ ಬರ್ಲಾ?"

"ಹಿತ್ಲ ಬುಡಾಕಿಲ್ಲ ನಾನು."

ಅವ್ವನ ಬಾಯಿಂದ ಅಂಥ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅವರು ಸಿಟ್ಟಾಗಲಿಲ್ಲ. ಕೈ ಎತ್ತುವ ಗಂಡಸೇ ಅಲ್ಲ ಅವರು. ಹೆಂಡತಿಗೆ ಹೊಡೆಯದ ಗಂಡನೆಂದು ಬೀದಿಯಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಊಟ ಮುಗಿಸಿ, ಕೈ ತೊಳೆದು, "ಆಯ್ತು, ನಿನ್ ಹಿತ್ಲ ನೀನೇ ಮಡೀಕಾ" ಎಂದು ಎದ್ದುಹೋದರು. ಮಾರನೆಯ ದಿನ ಅವ್ವ ಎಂದಿನಂತೆ ಕುಂಬಳಕಾಯಿ, ಮಣೆ, ಮಚ್ಚು ತಂದು ಜಗಲಿಯಲ್ಲಿಟ್ಟಳು. ಅಪ್ಪ ಬೀಡಿ ಮುಗಿಸಿದರು, ಮಾತು ಮುಗಿಸಿದರು, ಎದ್ದು ಗದ್ದೆಗೆ ಹೋದರು. ಕಾಯಿ ಬಿಸಿಲು ಬರುವವರೆಗೆ ಅಲ್ಲೇ ಇತ್ತು. ಆಮೇಲೆ ಅವ್ವ ಅದನ್ನು ಒಳಗೆ ತೆಗೆದುಕೊಂಡು ಹೋಗಿ ಅಟ್ಟಕ್ಕೆ ಏರಿಸಿದಳು. ಮತ್ತೊಂದು ದಿನವೂ ಹಾಗೇ ಆಯಿತು. ಅವರು ಬೇಡವೆಂದು ಒಮ್ಮೆಯೂ ಹೇಳಲಿಲ್ಲ. ಬಯ್ಯಲಿಲ್ಲ. ಬರೀ ಕಾಯಿ ಸೀಳಲಿಲ್ಲ.

ಅದು ನಡುಬೇಸಿಗೆ. ಹಿತ್ತಲಿನಲ್ಲಿ ಒಣಗಿದ ಕಡ್ಡಿಗಳ ಹೊರತು ಏನೂ ಉಳಿದಿರಲಿಲ್ಲ. ತಲೆಯ ಮೇಲೆ ಅಟ್ಟದ ತುಂಬ ಕುಂಬಳಕಾಯಿ, ಕೆಳಗೆ ತಟ್ಟೆಯಲ್ಲಿ ಉಪ್ಪುಸಾರು. ಅಪ್ಪ ಆ ಉಪ್ಪುಸಾರನ್ನೇ ದಿನವೂ ಚಕಾರವೆತ್ತದೆ ಉಣ್ಣುತ್ತಿದ್ದರು. ಬೀದಿಯ ಬೇರೆ ಗಂಡಸರನ್ನು ಅವ್ವ ಕೇಳಬಹುದಿತ್ತು. ಪಕ್ಕದ ಮನೆಯವರನ್ನು ಕೇಳಿಯೂ ಕೇಳಿದಳು. "ಮನೆ ಯಜ್ಮಾನ ಇರುವಾಗ ನಾನ್ ಬಂದು ಸೀಳಿದ್ರೆ ಚೆಂದ್ವೇನವ್ವ" ಎಂದು ಅವರು ನಕ್ಕು ಜಾರಿಕೊಂಡರು. ನಾನೊಬ್ಬಳೇ ಮಗಳು. ಅದನ್ನೂ ಅಜ್ಜಿ ನೆನಪಿಸದೆ ಬಿಡಲಿಲ್ಲ. "ಒಂದ್ ಗಂಡು ಹೆತ್ತಿದ್ರೆ ಅದ್ರ್ ಕೈಲಾರ ಸೀಳಿಸ್ಬೋದಿತ್ತು. ಹಿತ್ಲ ಬೆಳ್ಸೋಳ್ಗೆ ಅದೊಂದ್ ಬೆಳ್ಸಕ್ಕಾಗ್ನಿಲ್ಲ." ಒಂದು ದಿನ ನಾನೇ ಮಚ್ಚು ಎತ್ತಿಕೊಂಡೆ. ಕಸಿದುಕೊಂಡದ್ದು ಅಜ್ಜಿಯಲ್ಲ, ಅವ್ವ. "ಬ್ಯಾಡ ಕಣಮ್ಮಿ, ನಾಳೆ ನಿಂಗೇನಾರ ಆದ್ರೆ ನಾನ್ ಎಲ್ಲಿ ಸಾಯ್ಲಿ?" ಎಂದಳು. ಬೀಗ ಹಾಕಿದ್ದು ಅಪ್ಪನಾದರೂ ಬೀಗದ ಕೈ ಅವಳ ಭಯದಲ್ಲಿತ್ತು. ಇಂದಿಗೂ ನನಗೆ ಸಿಟ್ಟು ಯಾರ ಮೇಲೆ ಹೆಚ್ಚು ಎಂಬುದನ್ನು ಖಚಿತವಾಗಿ ಹೇಳಲಾರೆ.

ಕೆಲವು ದಿನಗಳಲ್ಲಿ ಕಾಯಿಗಳು ತಳದಲ್ಲಿ ಮೆತ್ತಗಾಗತೊಡಗಿದವು. ಅಟ್ಟದ ಹಲಗೆಯ ಸಂದಿಯಿಂದ ಹಳದಿ ನೀರು ಒಲೆಯ ಪಕ್ಕಕ್ಕೆ ತೊಟ್ಟಿಕ್ಕುತ್ತಿತ್ತು. ಹುಳಿಯಾದ ವಾಸನೆ ಅಡುಗೆಮನೆ ಬಿಟ್ಟು ನಡುಮನೆಗೂ ಬಂತು. ಆ ಹೊತ್ತಿಗೆ ಕರೀಂ ಸಾಬರು ಬೀದಿಗೆ ಬಂದರು. ಕೆ.ಆರ್. ಪೇಟೆಯಿಂದ ಸೈಕಲ್ಲಿನ ಮೇಲೆ ಸಾಣೆಕಲ್ಲು ಕಟ್ಟಿಕೊಂಡು ಬಂದು ಮನೆಮನೆಯ ಕತ್ತಿ, ಕುಡುಗೋಲು, ಈಳಿಗೆ ಹರಿತ ಮಾಡಿಕೊಡುತ್ತಿದ್ದವರು ಅವರು. ಅಪ್ಪ ಗದ್ದೆಯಲ್ಲಿದ್ದರು. ಅವ್ವ ಮಚ್ಚು ತಂದು ಕೊಟ್ಟಳು.

"ಅರೇ ಅಮ್ಮಾ, ಏನ್ ಹಿಂಗೆ ಮೊಂಡ ಮಾಡ್ಬಿಟ್ಟಿದ್ದೀರಿ? ಇದ್ರಲ್ಲಿ ಮೊಸ್ರು ಕೂಡ ಕುಯ್ಯಕ್ಕಾಗಲ್ಲ."

"ಕುಯ್ಯೋರು ಕುಯ್ದ್ರೆ ತಾನೆ ಸಾಬ್ರೆ. ಮೂಲೇಲಿದ್ರೆ ತುಕ್ಕಿಡೀದೆ ಇನ್ನೇನಾದದು?"

ಸಾಣೆಯ ಚಕ್ರ ಕಿಡಿ ಹಾರಿಸಿ ನಿಂತಿತು. ಸಾಬರು ಹೆಬ್ಬೆರಳಿನಿಂದ ಧಾರೆ ಮುಟ್ಟಿ ನೋಡಿ ಮಚ್ಚು ಮರಳಿಸಲು ಕೈ ಚಾಚಿದರು. ಅವ್ವ ಅದನ್ನು ತೆಗೆದುಕೊಳ್ಳಲಿಲ್ಲ. ಒಳಗೆ ಹೋದವಳು, ಕೆಡದೆ ಉಳಿದಿದ್ದ ಕಾಯಿಗಳಲ್ಲಿ ದೊಡ್ಡದನ್ನು ತೊಡೆಗೆ ಆನಿಸಿಕೊಂಡು ಬಂದು ಅವರ ಮುಂದಿಟ್ಟಳು.

"ಧಾರೆ ಇದ್ರ್ ಮ್ಯಾಲೆ ನೋಡಿ ಸಾಬ್ರೆ."

ಅವರು ಒಮ್ಮೆ ಕಾಯಿಯನ್ನೂ ಒಮ್ಮೆ ಅವ್ವನನ್ನೂ ನೋಡಿದರು. ಊರೂರು ಸುತ್ತುವವರಿಗೆ ಊರಿನ ರೂಢಿಗಳು ಗೊತ್ತಿಲ್ಲದೆ ಇರುವುದಿಲ್ಲ. ಏನೂ ಕೇಳದೆ ಒಂದು ಏಟು ಹಾಕಿದರು. "ಮಕ್ಕನ್ ಥರಾ, ಬೆಣ್ಣೆ ಥರಾ ಹೋಯ್ತು ನೋಡಿ! ಬಣ್ಣ ನೋಡಮ್ಮಾ, ಒಳ್ಳೇ ಕೇಸರಿಬಾತು" ಎಂದು ನಕ್ಕರು. ಅವ್ವನೂ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದು, ಬಗ್ಗಿ ಬಗ್ಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅರ್ಧ ಹೋಳನ್ನು ಸಾಬರ ಸೈಕಲ್ಲಿನ ಬುಟ್ಟಿಗೆ ಹಾಕಿ ಕಳಿಸಿದಳು. ನನ್ನ ಬಾಲ್ಯದ ಇಡೀ ಚಿತ್ರದಲ್ಲಿ ಅವಳು ಹಾಗೆ ನಕ್ಕದ್ದು ಅಲ್ಲೊಂದೇ ಕಡೆ ಇದೆ.

ಮಧ್ಯಾಹ್ನ ಅಪ್ಪ ಊಟಕ್ಕೆ ಕುಳಿತರು. ಸಾರಿನಲ್ಲಿ ಹೋಳು ಕಂಡು ಕೈ ತಡೆದರು.

"ಯಾರ್ ಸೀಳಿದ್ದು?"

"ಸಾಣೆ ಸಾಬ್ರು. ಮಚ್ಚಿನ ಧಾರೆ ನೋಡಕ್ಕೆ."

ಅವರು ಹೋಳುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸಿದರು. ಅವು ಬೆಂದು ಬೆಣ್ಣೆಯಾಗಿದ್ದವು. ಬೆರಳು ತಗುಲಿದರೆ ಒಡೆಯುತ್ತಿದ್ದವು. ಅದಕ್ಕೆಂದೇ ಎಚ್ಚರಿಕೆಯಿಂದ, ಒಂದೂ ಒಡೆಯದ ಹಾಗೆ ಸರಿಸಿದರು. ಬರಿಯ ಸಾರಿನಲ್ಲಿ ಮುದ್ದೆ ಮುಗಿಸಿ ಎದ್ದು ನಿಂತು, "ನಾನಿನ್ನೂ ಸತ್ತಿಲ್ಲ ಕಣಮ್ಮಿ" ಎಂದರು. ದನಿ ಏರಿರಲಿಲ್ಲ. ಮತ್ತೆ ಸಾಬರ ಸೈಕಲ್ಲು ಬೀದಿಯ ತುದಿಯಲ್ಲಿ ಕಾಣಿಸಿಕೊಂಡ ದಿನ ಅಪ್ಪ ಜಗಲಿಯಿಂದಲೇ ಕೈ ಎತ್ತಿ ತಡೆದರು. "ಈ ಬೀದಿಗೆ ಇನ್ ಬರ್ಬ್ಯಾಡಿ ಸಾಬ್ರೆ. ನಮ್ಮನೇಲಿ ಗಂಡಸವ್ನೆ." ಸಾಬರು ನಮ್ಮ ಬಾಗಿಲ ಕಡೆ ನೋಡಿದರು, ಸೈಕಲ್ಲು ತಿರುಗಿಸಿದರು. ಅವರು ಮತ್ತೆ ಬರಲಿಲ್ಲ. ಬೀದಿಯ ಈಳಿಗೆಗಳೆಲ್ಲ ಮೊಂಡಾದವು. ಆಗ ಮಾತಾಡಿದವರು ಹೆಂಗಸರೇ. ಅಪ್ಪನಿಗೆ ಒಬ್ಬರೂ ಏನೂ ಹೇಳಲಿಲ್ಲ. ಬಾವಿಕಟ್ಟೆಯಲ್ಲಿ ಅವ್ವನ ಸುತ್ತ ನಿಂತು ಅಂದರು:

"ನಿನ್ ಒಂದ್ ಕುಂಬ್ಳಕಾಯಿಂದ ನಮ್ ಈಳ್ಗೆನೂ ಆಳಾದ್ವಲ್ಲೇ ತಾಯಿ."

"ಗಂಡನ್ ಕಾಲಿಡ್ಕೊಂಡಿದ್ರೆ ಮುಗೀತಿತ್ತು. ಏನ್ ದೊಡ್ಡ ಹಿತ್ಲು!"

ಅಪ್ಪನ ಮೌನವನ್ನು ಅವ್ವ ತಡೆದುಕೊಂಡಿದ್ದಳು. ಇದನ್ನು ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಅಟ್ಟದಲ್ಲಿ ಉಳಿದಿದ್ದ ಕೊನೆಯ ಒಳ್ಳೆಯ ಕಾಯಿಯನ್ನು ಮಣೆಯ ಮೇಲಿಟ್ಟು, ಮಚ್ಚಿನ ಹಿಡಿಯನ್ನು ಅಪ್ಪನ ಕಡೆ ತಿರುಗಿಸಿ ಜಗಲಿಗೆ ತಂದಳು. ಬಾಗಿಲ ಮರೆಗೆ ಹೋಗದೆ ಅಲ್ಲೇ ಎದುರಿಗೆ ನಿಂತಳು.

"ಕೊಟ್ಟಿಗೆ ಕಟ್ಕೊಳಿ. ಹಸ ತನ್ನಿ."

ಅಪ್ಪ ಬೀಡಿಯನ್ನು ಅರ್ಧಕ್ಕೇ ಆರಿಸಿದರು. ಆ ದಿನ ಕಾಯಿಸಲಿಲ್ಲ. ಒಂದೇ ಏಟಿಗೆ ಕಾಯಿ ಎರಡಾಯಿತು. "ಮೊದ್ಲೇ ಇಂಗಂದಿದ್ರೆ ಅಷ್ಟೊಂದ್ ಕಾಯಿ ಕೊಳೀತಿರ್ನಿಲ್ವಲ್ಲ" ಎಂದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಅದನ್ನೇ ನಾನು ಇಂದಿಗೂ ಕ್ಷಮಿಸಲಾರೆ.

ಆ ದಿನದ ಪಲ್ಯ ಬಹಳ ರುಚಿಯಾಗಿತ್ತು. ಅಪ್ಪ ಎರಡು ಸಲ ಹಾಕಿಸಿಕೊಂಡರು, ಅಜ್ಜಿ ಬೆರಳು ಚೀಪಿದಳು. ಊಟದ ನಂತರ ಅವ್ವ ಬೀಜಗಳನ್ನು ತೊಳೆದಳು. ನಾನು ಬೂದಿಯ ಮೊರ ತಂದು ಪಕ್ಕದಲ್ಲಿಟ್ಟೆ, ಪ್ರತಿ ವರ್ಷ ತರುತ್ತಿದ್ದ ಹಾಗೆ. ಅವಳು ಬೂದಿಯನ್ನು ಮುಟ್ಟಲಿಲ್ಲ. ಒಲೆಯ ಮೇಲೆ ಹಂಚು ಇಟ್ಟು, ಒಂದು ಚಿಟಿಕೆ ಉಪ್ಪು ಎರಚಿ, ಬೀಜಗಳನ್ನೆಲ್ಲ ಹುರಿದಳು. ಅವು ಚಟಪಟ ಸಿಡಿದವು. "ತಿನ್ನು ಕಣಮ್ಮಿ, ಬಿಸಿ ಆರ್ದ್ಮೇಲೆ ಚೆಂದಾಗಿರಾಕಿಲ್ಲ" ಎಂದು ನನ್ನ ಮಡಿಲಿಗೆ ಸುರಿದಳು. ಬಿಂಡಿಗನವಿಲೆಯಿಂದ ಸೆರಗಿನಲ್ಲಿ ಬಂದ ಬೀಜ ಅಲ್ಲಿಗೆ ಮುಗಿಯಿತು.

ಸೀಮೆಹಸುಗಳು ಬಂದವು. ಅವುಗಳ ಸಗಣಿ ಬಾಚುವುದು, ಮೈ ತೊಳೆಯುವುದು, ಹಾಲು ಕರೆಯುವುದು ಅವ್ವನ ಪಾಲಿಗೆ. ಡೈರಿಯ ಬಟವಾಡೆಗೆ ಹೋಗುವುದು ಅಪ್ಪನ ಪಾಲಿಗೆ. ಬಚ್ಚಲ ಕಾಲುವೆ ಚರಂಡಿಗೆ ತಿರುಗಿತು. ತರಕಾರಿ ಪೇಟೆಯಿಂದ ಚೀಲದಲ್ಲಿ ಬರತೊಡಗಿತು. ಎದುರು ಪಕ್ಷದ ಅತ್ಯಂತ ಬಲವಾದ ಅಂಶವನ್ನೂ ನಾನು ಮುಚ್ಚಿಡುವುದಿಲ್ಲ: ನನ್ನನ್ನು ಕಾಲೇಜಿಗೆ ಕಳಿಸಿದ್ದು ಆ ಹಸುಗಳ ಹಾಲು. ಅವ್ವನ ಹಿತ್ತಲಿನ ಮೇಲೆ ಕಟ್ಟಿದ ಕೊಟ್ಟಿಗೆಯಿಂದ ನನಗೆ ವಾದಿಸುವ ಕಲೆ ಬಂತು. ಅಪ್ಪ ಲಾಭ ನಷ್ಟದ ವಾದ ಹೂಡಿ ಗೆದ್ದಿದ್ದರೆ ನಾನು ಅದನ್ನು ಒಪ್ಪುತ್ತಿದ್ದೆ. ಅವರು ವಾದಿಸಲೇ ಇಲ್ಲ. ವಾದಿಸುವ ಅಗತ್ಯವೇ ಬೀಳದಂಥ ಒಂದು ರೂಢಿ ಅವರ ಕೈಯಲ್ಲಿತ್ತು. ಯಾವ ರೂಢಿಯೂ ಸಣ್ಣದಲ್ಲ ಎಂದು ನಾನು ಹೇಳುವುದು ಇದಕ್ಕೇ. ಹತ್ತು ವರ್ಷ ನಿರುಪದ್ರವಿಯಾಗಿ ಮೂಲೆಯಲ್ಲಿ ಬಿದ್ದಿದ್ದು, ಬೇಕಾದ ದಿನ ಅದು ಬೇಕಾದವರ ಕೈಗೆ ಹಿಡಿಯಾಗುತ್ತದೆ.

ಈಚೆಗೆ ನಾಗಮಂಗಲದಲ್ಲಿ ಹೆಂಗಸರ ಸಭೆಯೊಂದರಲ್ಲಿ ಈ ಮಾತುಗಳನ್ನೆಲ್ಲ ಆಡಿದೆ. ಚಪ್ಪಾಳೆ ಚೆನ್ನಾಗಿ ಬಂತು. ಸಭೆ ಮುಗಿದು ಅಡುಗೆಯ ಕಡೆ ಹೋದರೆ, ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದ ಹೆಂಗಸೊಬ್ಬಳು ಕುಂಬಳಕಾಯಿಯನ್ನು ಅಪ್ಪಿಕೊಂಡು ಹೊರಗೆ ನಿಂತಿದ್ದ ಆಟೋದವನನ್ನು ಕರೆಯುತ್ತಿದ್ದಳು. "ಒಸಿ ಒಂದ್ ಏಟು ಹಾಕ್ಕೊಡಪ್ಪ, ಪುಣ್ಯ ಬತ್ತದೆ." ನನ್ನನ್ನು ಕಂಡು ನಾಚಿ, "ನೀವ್ ಏಳಿದ್ದೆಲ್ಲ ಸರಿನೇ ಅಕ್ಕ. ಆದ್ರೂ ಮಕ್ಳೊಂದಿಗ್ರು ನಾವು" ಎಂದಳು. ನನ್ನ ಕೈಯಿಂದ ಮಚ್ಚು ಕಸಿದುಕೊಂಡ ದಿನ ಅವ್ವ ಹೇಳಿದ್ದೂ ಇದನ್ನೇ.

ಅಪ್ಪ ಈಗಿಲ್ಲ. ಅವ್ವ ಪಾಂಡವಪುರದಲ್ಲಿ ನನ್ನ ಜೊತೆಗಿದ್ದಾಳೆ. ಮನೆಯ ಹಿಂದೆ ತುಸು ಜಾಗವಿದೆ, ನಲ್ಲಿಯ ನೀರಿದೆ. ಕಳೆದ ಬೇಸಿಗೆ ನಾನು ಇಡೀ ಸಿಹಿಗುಂಬಳ ತಂದು, ಅವಳ ಮುಂದಿಟ್ಟು, ಚಾಕುವಿನ ಹಿಡಿಯನ್ನು ಅವಳ ಕಡೆ ತಿರುಗಿಸಿ ಕುಳಿತೆ. ಅವಳು ಕಾಯಿಯ ಮೈಯನ್ನು ಅಂಗೈಯಿಂದ ಸವರಿದಳು, ತೊಟ್ಟನ್ನು ಉಗುರಿನಿಂದ ಒತ್ತಿ ನೋಡಿದಳು.

"ಚೆಂದಾಗ್ ಬಲ್ತದೆ."

"ಸೀಳವ್ವ. ಈಗ ಯಾರವ್ರೆ ಬ್ಯಾಡ ಅನ್ನೋರು? ಬೀಜ ತೆಗ್ದು ಹಿಂದ್ಗಡೆ ಹಾಕನ."

"ನೀನೇ ಸೀಳ್ಕೊ ಕಣಮ್ಮಿ. ನಂಗೀಗ ಬಗ್ಗಿ ನೀರುಯ್ಯಕ್ಕಾಯ್ತದಾ?" ಎಂದು ಮಣೆಯನ್ನು ನನ್ನ ಕಡೆ ತಳ್ಳಿದಳು. ನಾನು ಸೀಳಿದೆ. ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡಳು.

ಓದುಗರೇ, ನನ್ನದೊಂದೇ ಬೇಡಿಕೆ. ನಿಮ್ಮ ಮನೆಗೆ ಮುಂದಿನ ಕುಂಬಳಕಾಯಿ ಬಂದ ದಿನ ಅದನ್ನು ಬೆಳೆದ ಅಥವಾ ಬೇಯಿಸುವ ಹೆಂಗಸಿನ ಮುಂದಿಡಿ. ಕತ್ತಿಯ ಹಿಡಿಯನ್ನು ಅವಳ ಕಡೆ ತಿರುಗಿಸಿ. ಅವಳಿಗೆ ಭಯವಾದರೆ ಪಕ್ಕದಲ್ಲಿ ಕುಳಿತುಕೊಳ್ಳಿ, ಆದರೆ ಕತ್ತಿಯನ್ನು ವಾಪಸು ತೆಗೆದುಕೊಳ್ಳಬೇಡಿ. ಬಗ್ಗಿ ನೀರು ಹಾಕುವ ಶಕ್ತಿ ಅವಳ ಬೆನ್ನಿನಲ್ಲಿ ಇನ್ನೂ ಉಳಿದಿರುವಾಗಲೇ ಇದನ್ನು ಮಾಡಿ.